ಸೀನಿದರೆ ಜಿನುಗುವ ಸಂಕಟ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ ಭತ್ತದ ನಾಟಿ ಶುರು. ಕೆಸರಿನಲ್ಲಿ ಬೆಳಗಿನಿಂದ ನಡ ಬಗ್ಗಿಸಿ ಸಸಿ ಹಚ್ಚುವವರಲ್ಲಿ ಹೆಂಗಸರೇ ಹೆಚ್ಚು. ಕುಷ್ಟಗಿ, ಯಲಬುರ್ಗಾ ಕಡೆ ಕಳೆ, ಕೊಯ್ಲು, ತಲೆ ಮೇಲೆ ಮೇವಿನ ಹೊರೆ. ಹೆರಿಗೆಯಾದ ಮೇಲೆ ಕೆಮ್ಮಿದರೆ, ಸೀನಿದರೆ, ಹೊರೆ ಎತ್ತಿದರೆ ಮೂತ್ರ ಜಿನುಗುವ ಸಂಕಟವನ್ನು ಇವರಲ್ಲಿ ಅನೇಕರು ಯಾರ ಮುಂದೆಯೂ ಬಾಯಿಬಿಡುವುದಿಲ್ಲ. ಹೊಲದಲ್ಲಿ ಮರೆಯಿಲ್ಲವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕೊಪ್ಪಳದ ಬಿಸಿಲಲ್ಲಿ ಇದು ಇನ್ನೊಂದು ಅಪಾಯ.

ಹೀಗೆ ಮೂತ್ರ ಜಿನುಗುವುದು ಹೆಣ್ಣಿನ ಹಣೆಬರಹವಲ್ಲ.

ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತ ಸ್ನಾಯುಗಳು, ಅಂದರೆ ಪೆಲ್ವಿಕ್ ಫ್ಲೋರ್, ಸಡಿಲಗೊಂಡಾಗ ಹೀಗಾಗುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇವುಗಳ ವ್ಯಾಯಾಮದ ಬಗ್ಗೆ ಬರೆದಿದ್ದರು. ಗಾಳಿ ಹೋಗದಂತೆ ತಡೆಯುವ ಹಾಗೆ ಒಳಗಿನ ಸ್ನಾಯುವನ್ನು ಬಿಗಿದು ಮೇಲಕ್ಕೆಳೆಯಬೇಕು, ಕೆಲವು ಕ್ಷಣ ಹಿಡಿದು ಪೂರ್ತಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ತೊಡೆ, ಪಿರ್ರೆ ಬಿಗಿಯಬಾರದು. ಒಮ್ಮೆಗೆ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ತಪ್ಪಾಗಿ ಮಾಡುವವರೇ ಬಹಳ, ಹಾಗಾಗಿ ಫಿಸಿಯೋಥೆರಪಿಸ್ಟ್ ಒಮ್ಮೆ ಪರೀಕ್ಷಿಸಿ ಕಲಿಸುವುದು ಮುಖ್ಯ. ಕೆಲವರಲ್ಲಿ ಸ್ನಾಯು ಸಡಿಲವಲ್ಲ, ಅತಿ ಬಿಗಿ. ಅವರಿಗೆ ಬೇರೆಯೇ ಚಿಕಿತ್ಸೆ. ಕೆಳಗೆ ಗಡ್ಡೆಯಂತೆ ಏನೋ ಇಳಿದಂತಾದರೆ ಮೊದಲು ವೈದ್ಯರಿಗೆ ತೋರಿಸಬೇಕು.

ಹಾಗೆ ತೋರಿಸಲು ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಬಂದು ಹೋಗುತ್ತಾರೆ. ಕೂಸಿನ ತೂಕ ನೋಡುವಾಗಲೇ ಬಾಣಂತಿಯನ್ನು ಪಕ್ಕಕ್ಕೆ ಕರೆದು, "ಕೆಮ್ಮಿದ್ರ ಹನಿ ಬೀಳತಾವೇನವ್ವಾ?" ಎಂದು ಕೇಳುವುದನ್ನೂ ಆ ಭೇಟಿಗೆ ಸೇರಿಸಬೇಕು.