ತಡವಾಗಿ ಬಂದ ಉಸಿರು

ಮನೆತನದಲ್ಲಿ ಆಸ್ತಿಯಂತೆ ಸಾಲವೂ ಇಳಿದುಬರುವುದು ಎಲ್ಲರೂ ಬಲ್ಲ ಸಂಗತಿ. ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ ಇಳಿದುಬರುವ ಸಾಲವೊಂದುಂಟೆಂದು ನಮಗೆ ತಿಳಿದುದು ಆಸ್ಪತ್ರೆಯ ಪಡಸಾಲೆಯಲ್ಲಿ. ನಮ್ಮದು ಆರ್ಯವೈಶ್ಯರ ಮನೆ. ಒಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ. 102 ಗೋತ್ರಗಳಲ್ಲಿ ಸಗೋತ್ರವೊಂದನ್ನು ಬಿಟ್ಟು, ನಮ್ಮವರೊಳಗೇ ಹೆಣ್ಣು ಕೊಟ್ಟು ತಂದು ಬಾಳಿದವರು.

ನಮ್ಮ ದೊಡ್ಡಪ್ಪನವರಿಗೆ 1986ರಲ್ಲಿ ಹರ್ನಿಯಾದ ಶಸ್ತ್ರಚಿಕಿತ್ಸೆ ನಡೆಯಿತು. ಅದು ಮುಗಿದದ್ದು ಬೆಳಗ್ಗೆ. ಅವರು ತಾವಾಗಿ ಉಸಿರೆಳೆದದ್ದು ದೀಪ ಹಚ್ಚುವ ವೇಳೆಗೆ. ಅದುವರೆಗೆ ವೈದ್ಯರೂ ದಾದಿಯರೂ ಸರದಿಯ ಮೇಲೆ ಚೀಲವನ್ನೊತ್ತಿ ಗಾಳಿ ಕೊಡುತ್ತಿದ್ದರಂತೆ. ದೊಡ್ಡಪ್ಪನವರು ಬದುಕಿ ಬಂದರು. ಆದರೆ "ಆ ಡಾಕ್ಟರು ಮದ್ದು ಹೆಚ್ಚು ಹಾಕಿಬಿಟ್ಟ" ಎಂಬ ಮಾತು ಮನೆಯಲ್ಲಿ ಉಳಿದು, ಹಬ್ಬದೂಟಕ್ಕೆ ಕುಳಿತಾಗಲೆಲ್ಲ ಆ ಬಡಪಾಯಿಗೆ ಶಾಪ ತಪ್ಪುತ್ತಿರಲಿಲ್ಲ.

2019ರಲ್ಲಿ ನಮ್ಮ ಅಣ್ಣನ ಮಗಳಿಗೆ ಅಪೆಂಡಿಕ್ಸ್ ತೆಗೆದಾಗಲೂ ಹಾಗೆಯೇ ಆಯಿತು. ಅರಿವಳಿಕೆಯ ವೈದ್ಯರು ಹೊರಗೆ ಬಂದು, "ಯಂತ್ರದಿಂದ ಉಸಿರಾಡಿಸುತ್ತಿದ್ದೇವೆ, ಗಾಬರಿಪಡಬೇಡಿ. ನೀವು ವೈಶ್ಯರೇ? ಹಿಂದೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೆ?" ಎಂದು ಕೇಳಿದರು. ನಾವೆಲ್ಲ ಮುಖ ಮುಖ ನೋಡಿಕೊಳ್ಳುತ್ತಿರಲು, ಮೂಲೆಯಲ್ಲಿ ಕುಳಿತಿದ್ದ ದೊಡ್ಡಮ್ಮನವರು, "ನಮ್ಮ ಯಜಮಾನರಿಗೇ ಆಗಿತ್ತಪ್ಪಾ" ಎಂದರು.

ವಿಷಯವಿಷ್ಟೆ. ಶ್ವಾಸನಾಳಕ್ಕೆ ಕೊಳವೆಯಿಳಿಸುವ ಮುನ್ನ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಮದ್ದನ್ನು ಚುಚ್ಚುವ ರೂಢಿ 1950ರ ದಶಕದ ಮೊದಲಿಂದಲೂ ಇದೆ. ಒಂದು ನಿಮಿಷದಲ್ಲಿ ಹಿಡಿದು ಹತ್ತು ನಿಮಿಷದಲ್ಲಿ ಬಿಡುವುದು ಅದರ ಗುಣ. ಬಿಡಿಸುವುದು ರಕ್ತದಲ್ಲಿರುವ ಒಂದು ಪ್ರೋಟೀನು, ಹೆಸರು ಬ್ಯುಟಿರಿಲ್‌ಕೋಲಿನೆಸ್ಟರೇಸ್. (ನಮ್ಮ ನಾಲಗೆಗೆ ಇದು ಹೊಂದಲು ಒಂದು ವಾರ ಹಿಡಿಯಿತು.) ಅದನ್ನು ತಯಾರಿಸುವುದು ಪಿತ್ತಜನಕಾಂಗ, ತಯಾರಿಸುವ ಬಗೆ ಬರೆದಿರುವುದು ಮೂರನೆಯ ವರ್ಣತಂತುವಿನ ಒಂದು ಜೀನಿನಲ್ಲಿ. 574 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರವದು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ವಿದ್ವಾಂಸರು ಹೊರದೇಶದ ಸಂಗಡಿಗರೊಡನೆ 2006ರಲ್ಲಿ ಪ್ರಕಟಿಸಿದಂತೆ, ವೈಶ್ಯರಲ್ಲಿ ಕಂಡುಬಂದ ಈ ಕೊರತೆಗೆ ಕಾರಣ 307ನೆಯ ಮಣಿ: ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಕುಳಿತಿದೆ. ಅಷ್ಟರಿಂದಲೇ ಸರವೆಲ್ಲ ಕೆಲಸಕ್ಕೆ ಬಾರದಾಗುತ್ತದೆ. ಇಂತಹ ಕೊರತೆ ವಂಶದಲ್ಲಿ ಬರುವುದೆಂದು ಟೊರಾಂಟೋದ ವರ್ನರ್ ಕಾಲೋ 1950ರ ದಶಕದಲ್ಲಿಯೇ ತೋರಿಸಿದ್ದರು. 1986ರಲ್ಲಿಯೂ ಆ ಸುದ್ದಿ ನಮ್ಮ ಮನೆಗೆ ಮುಟ್ಟಿರಲಿಲ್ಲ.

ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಇಂತಹ ವಿಪತ್ತು. ಇಬ್ಬರಲ್ಲಿಯೂ ಒಂದೊಂದು ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಸಂಭವ. ಗೋತ್ರ ನೋಡಿದೆವಲ್ಲ ಎನ್ನಬಹುದು. ಗೋತ್ರವು ತಂದೆಯ ದಾರಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಜೀನು ತಾಯಿಯ ದಾರಿಯಲ್ಲಿಯೂ ನಡೆದು ಬರುತ್ತದೆ. ಕೆಲವೇ ಪೂರ್ವಿಕರಿಂದ ಬೆಳೆದು ಬಹುಕಾಲ ಹೊರಗೆ ಸಂಬಂಧ ಮಾಡದ ಕುಲದಲ್ಲಿ ಅದು ಎಲ್ಲ ಗೋತ್ರಗಳಿಗೂ ಹರಡಿರಲು ಆತಂಕವೇನು?

ಹುಡುಗಿಗೆ ಆರು ಗಂಟೆಯ ಮೇಲೆ ಉಸಿರು ಬಂದಿತು. ರಕ್ತಪರೀಕ್ಷೆಯಲ್ಲಿ ಆ ಪ್ರೋಟೀನಿನ ಕೆಲಸ ಇಲ್ಲವೇ ಇಲ್ಲವೆನ್ನುವಂತಿತ್ತು. ವೈದ್ಯರು ಚೀಟಿ ಬರೆದುಕೊಟ್ಟು, ಇಂಥವರು ಆರೋಗ್ಯವಾಗಿಯೇ ಬಾಳುತ್ತಾರೆಂದೂ, ಮೊದಲೇ ಹೇಳಿದರೆ ಬೇರೆ ಮದ್ದು ಬಳಸಬಹುದೆಂದೂ ತಿಳಿಸಿದರು. ಅಣ್ಣನು ಆ ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಮದುವೆಯಾಗಬೇಕಾದ ಹೆಣ್ಣು, ಊರಿಗೆಲ್ಲ ಸಾರಬೇಕೆ ಎಂಬುದು ಅವನ ವಾದ. ಅತ್ತಿಗೆ ಒಪ್ಪಲಿಲ್ಲ. "ನಾಳೆ ಅತ್ತೆಮನೆಯಲ್ಲಿ ಹೆರಿಗೆಗೆ ನಡುರಾತ್ರಿ ಆಪರೇಷನ್ನೆಂದರೆ, ಅವಳ ಪರವಾಗಿ ಬಾಯಿಬಿಡುವವರು ಯಾರು? ನಿಮ್ಮ ಬೀರುವೆ?" ಎಂದರು. ಅಣ್ಣನ ಅಂಜಿಕೆಯನ್ನು ನಾವು ಬಲ್ಲೆವು. ಆದರೂ ಅತ್ತಿಗೆಯ ಮಾತೇ ಸರಿಯೆಂದು ಅಂದೂ ಹೇಳಿದೆವು, ಇಂದೂ ಹೇಳುತ್ತೇವೆ.

2022ರಲ್ಲಿ ಗಂಡಿನವರು ಹೆಣ್ಣು ನೋಡಲು ಬಂದಾಗ ಅತ್ತಿಗೆ ಉಪ್ಪಿಟ್ಟು ಕಾಫಿಯಾದ ಬಳಿಕ ಆ ಚೀಟಿಯನ್ನು ತಂದು ಮುಂದಿಟ್ಟು, ಇದ್ದುದನ್ನು ಇದ್ದಂತೆ ಹೇಳಿದರು. ಅಣ್ಣನು ತಲೆಯೆತ್ತಲಿಲ್ಲ. ಗಂಡಿನ ತಾಯಿ ಬಹಳ ಹೊತ್ತು ಚೀಟಿಯನ್ನೇ ನೋಡುತ್ತಿದ್ದರು. ಆಮೇಲೆ, "ಈ ಪರೀಕ್ಷೆಗೆ ಬರಿಯ ಹೊಟ್ಟೆಯಲ್ಲಿ ಹೋಗಬೇಕೇನಮ್ಮಾ?" ಎಂದು ಕೇಳಿ, ತಮ್ಮ ಮೂವರು ಮಕ್ಕಳಿಗಾಗಿ ಪ್ರಯೋಗಶಾಲೆಯ ವಿಳಾಸವನ್ನು ಬರೆಸಿಕೊಂಡರು.