ನಮ್ಮೂರ ಲೆಕ್ಕ – 4: ಮೆತ್ತಗಾದ ರೊಟ್ಟಿ

ಫೋಟೋದಾಗ ಇರೋದು ನಮ್ಮವ್ವನ ಕೈ. ಮಟಕಿಯಲ್ಲಿ ಇಷ್ಟು ತೆಳ್ಳಗೆ ರೊಟ್ಟಿ ಬಡಿಯೋರು ಕಮ್ಮಿ. ಹೋದ ಮಳೆಗಾಲದಲ್ಲಿ ನೂರು ಖಡಕ್ ರೊಟ್ಟಿ ಕಳಿಸಿದ್ವಿ. ಹದಿನೈದು ಮೆತ್ತಗಾಗ್ಯಾವ ಅಂತ ಅಂಗಡಿಯಿಂದ ವಾಪಸ್ ಬಂದವು. ರಾತ್ರಿ ಅವ್ವ ಅಂದ್ಲು, "ನನ್ನ ಕೈಯೇ ಕೆಟ್ಟದ."

ಬಿಕಾಂನಲ್ಲಿ ಕಾಸ್ಟ್ ಶೀಟ್ ಕಲಿತಿದ್ದೆ, ಕುಂತು ಬರೆದೆ. 100 ರೊಟ್ಟಿಗೆ 600 ರೂಪಾಯಿ. ಹಿಟ್ಟು 250, ಗ್ಯಾಸ್ 80, ಪ್ಯಾಕೆಟ್ 40. ಉಳಿದದ್ದು 230. ಐದು ತಾಸಿನ ಕೆಲಸ, ತಾಸಿಗೆ 46. ಹದಿನೈದು ವಾಪಸ್ ಬಂದ್ರೆ 90 ಹೋಯ್ತು, ತಾಸಿಗೆ ಬರೇ 28. ಅವ್ವ ತನ್ನ ಕೂಲಿ ಎಂದೂ ಹಿಡಿದವಳಲ್ಲ. "ಮನಿ ಕೆಲಸಕ್ಕ ಯಾರ್ ಪಗಾರ ಕೊಡ್ತಾರ?" ಅಂತಾಳೆ.

ತರಬೇತಿಗೆ ಹೋಗಿ ಬಂದಿದ್ದ ಚಿಗವ್ವ ಪ್ಯಾಕೆಟ್ ನೋಡಿದಳು. "ಬಿಸಿ ಇದ್ದಾಗ ಕಟ್ಟಬ್ಯಾಡ ಅಕ್ಕಾ, ಆ ಹಬೀನೇ ಒಳಗ ನೀರಾಗ್ತದ." ಪೂರ್ತಿ ಆರಿಸಿ, ದಪ್ಪ ಕವರಿನಲ್ಲಿ ಗಾಳಿ ಹೋಗದಂಗ ಸೀಲ್ ಮಾಡಿದ್ವಿ. ಹದಿನೈದು ಹೋಗಿ ಮೂರಾಯ್ತು. ಒಂದು ಮಾತಿನ ಬೆಲೆ ತಾಸಿಗೆ ಹದಿನಾಲ್ಕು ರೂಪಾಯಿ!

ನಾವು ತಿನ್ನೋ ಮಾಲ್ದಂಡಿ ಎಂ 35-1 ಜೋಳ 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆರಿಸಿದ ತಳಿ. ಅಂದ್ರೆ ಸಂಶೋಧನೆ ನಮ್ಮ ಹೊಲಕ್ಕೆ ಯಾವಾಗೋ ಬಂದದ. ಒಲೆ ಮುಂದೆ ಕುಂತವಳ ಹತ್ರ ಇನ್ನೂ ಬಂದಿಲ್ಲ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಕ್ಕೆ ಮಷಿನ್ ತರಲಿಕ್ಕೆ 35% ಸಬ್ಸಿಡಿ ಇಟ್ಟಿದ್ರು. ಆದರೆ ಬಿಸಿ ರೊಟ್ಟಿ ಕಟ್ಟಿದರೆ ಮಷಿನ್ ರೊಟ್ಟಿನೂ ಮೆತ್ತಗಾಗ್ತದ.

ಈಗ "ಕಲಬುರಗಿ ರೊಟ್ಟಿ" ಅಂತ ಬ್ರ್ಯಾಂಡೇ ಆಗಿದೆ. ದೂರದ ಊರಿಗೆ ಕಳಿಸಬೇಕಂದ್ರೆ ಎಷ್ಟು ದಿನ ಬಾಳಿಕೆ ಬರ್ತದ ಅಂತ ಪ್ಯಾಕೆಟ್ ಮೇಲೆ ಬರೀಬೇಕು. ಅವ್ವ ಅಂದಾಜಿಗೆ ಹೇಳ್ತಾಳೆ, ನಾನು ಬರೀತೀನಿ. ಅದೇ ನನಗೆ ಅಂಜಿಕೆ.

ಕಾಲೇಜಿಗೆ ಹೋಗೋ ಬಸ್ಸು ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರದ ಮುಂದೇ ಹಾಯ್ತದೆ. ಕೃಷಿ ವಿಜ್ಞಾನ ಕೇಂದ್ರನೂ ಅಲ್ಲೇ. ಇಷ್ಟು ದಿನ ಕಿಟಕಿಯಿಂದ ಬೋರ್ಡ್ ಓದಿದ್ದಷ್ಟೇ, ಇಳಿದು ಕೇಳಿಲ್ಲ. ತಪ್ಪು ನನ್ನದೂ ಅದ.

ಸೋಮವಾರ ಇಳೀತೀನಿ. ಬ್ಯಾಗಿನಲ್ಲಿ ಎರಡು ಪ್ಯಾಕೆಟ್ ಇರ್ತಾವ. ಒಂದು ತೋರಿಸಲಿಕ್ಕೆ, ಇನ್ನೊಂದು ಅವರಿಗೆ ತಿನ್ನಲಿಕ್ಕೆ ಅಂತ ಅವ್ವ ಕೊಟ್ಟಿದ್ದು.

ನಿಮ್ಮ ಮನೆಯಲ್ಲೂ ಯಾರಾದ್ರೂ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ ಮಾರ್ತಾರಾ? ಅವರ ಕೂಲಿ ಲೆಕ್ಕ ಹಿಡಿದು ತಾಸಿಗೆ ಎಷ್ಟು ಬೀಳ್ತದ ಅಂತ ಕಮೆಂಟ್ ಮಾಡ್ರಿ.

#ನಮ್ಮೂರಲೆಕ್ಕ #ಮಟಕಿ #ಆಳಂದ #ಖಡಕ್‌ರೊಟ್ಟಿ