ಯಾವ ಲೈನಪಾ ನಿಂದು?

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಹಿರಿಯರು ಮೊದಲು ಊರು ಕೇಳುತ್ತಾರೆ, ಆಮೇಲೆ ಮನೆತನ, ಅದಾದ ಮೇಲೆ ‘ಯಾವ ಲೈನಪಾ ನಿಂದು?’ ಅನ್ನುತ್ತಾರೆ. ಮಾಸ್ತರಿಕೆ ಒಂದು ಲೈನು, ಕಂಪ್ಯೂಟರ್ ಇನ್ನೊಂದು. ಕನ್ನಡ ಎಂ.ಎ. ಮಾಡಿ, ಹೈಸ್ಕೂಲಿನಲ್ಲಿ ವ್ಯಾಕರಣ ಹೇಳಿಕೊಟ್ಟು, ಆಮೇಲೆ ಪ್ರೋಗ್ರಾಮಿಂಗ್ ಕಲಿತು, ಈಗ ಅಂಕಿಅಂಶ ಜರಡಿ ಹಿಡಿಯುವ ಕೆಲಸಕ್ಕೆ ಸೇರಿದ ಹೆಣ್ಣುಮಗಳೊಬ್ಬಳ ಸುದ್ದಿ ಬಂದರೆ, ‘ಒಂದ ಕಡೆ ಗಟ್ಟಿ ನಿಲ್ಲಲಿಲ್ಲ ನೋಡ್ರಿ’ ಎಂದು ಮರುಗುತ್ತಾರೆ. ಈ ಮರುಕ ನನಗೆ ಒಪ್ಪಿಗೆಯಾಗುವುದಿಲ್ಲ. ಅಂಥವಳು ಮೂರು ಕಡೆಯೂ ಮಾಡಿದ್ದು ಒಂದೇ ಕೆಲಸ: ಅಕ್ಷರವನ್ನು ಕಣ್ಣಿಟ್ಟು ಓದುವುದು.

ಈ ನೆಲಕ್ಕಂತೂ ಹೀಗೆ ಒಂದಕ್ಕಿಂತ ಹೆಚ್ಚು ಲೈನಿನಲ್ಲಿ ದುಡಿಯುವುದು ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ಪಂಚತಂತ್ರ ತಂದ ದುರ್ಗಸಿಂಹ, ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಅಂದರೆ ಯುದ್ಧ-ಸಂಧಿಗಳ ಮಂತ್ರಿ. ಅವನ ಊರು ಸಯ್ಯಡಿ; ರೋಣದ ಹತ್ತಿರದ ಸವಡಿಯೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅರಮನೆಯ ವ್ಯವಹಾರದ ಓಲೆ ನೋಡುತ್ತಿದ್ದ ಕೈಯೇ ನರಿ, ಎತ್ತು, ಸಿಂಹಗಳ ಕಥೆಯನ್ನೂ ಬರೆಯಿತು.

ಅಕ್ಷರವನ್ನು ಕಣ್ಣಿಟ್ಟು ಓದುವುದೆಂದರೇನು ಎಂಬುದಕ್ಕೆ ಈಗ ರೋಣದ ಹೆಸರನ್ನೇ ತೆಗೆದುಕೊಳ್ಳಿ. ರಕಾರಕ್ಕೆ ಓತ್ವ ಕೊಟ್ಟರೆ ರೋ. ಗಣಕಕ್ಕೆ ಅಕ್ಷರಗಳನ್ನು ಸಂಕೇತವಾಗಿ ಕೊಡುವ ಯುನಿಕೋಡ್‌ನಲ್ಲಿ ಆ ಓತ್ವಕ್ಕೆ ಒಂದೇ ಸಂಕೇತವಿದೆ. ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರು ತುಂಡು ಕೂಡಿಸಿಯೂ ಅದನ್ನೇ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೋಣ. ಎಣಿಸುವ ಯಂತ್ರಕ್ಕೆ ಮಾತ್ರ, ತಿದ್ದಿ ಹೇಳದಿದ್ದರೆ, ಅವು ಬೇರೆ ಬೇರೆ ಊರು. ಒಂದು ಊರಿನ ಲೆಕ್ಕ ಎರಡು ಸಾಲಿನಲ್ಲಿ ಹಂಚಿಹೋಗುತ್ತದೆ. ಗಜೇಂದ್ರಗಡದ ಏತ್ವಕ್ಕೂ ಇದೇ ತೊಡಕು. ನರಗುಂದ ಪಾರಾಗುತ್ತದೆ, ಅದರಲ್ಲಿರುವುದು ಕೊಂಬು, ಸೊನ್ನೆ ಅಷ್ಟೆ. ಎಣಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಕಾಗುಣಿತ ಕಲಿಸಿದವರಿಗೆ ಈ ತೊಡಕು ಬಲು ಬೇಗ ಹೊಳೆಯುತ್ತದೆ.

ಕೆ.ಪಿ. ರಾವ್ ಅವರನ್ನು ಇಲ್ಲಿ ನೆನೆಯಲೇಬೇಕು. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇದ್ದರು, ಮೊನೊಟೈಪ್ ಅಚ್ಚಿನ ಕಂಪನಿಯಲ್ಲಿ ದುಡಿದರು, ‘ವರ್ಣಕ’ ಎಂಬ ಕಾದಂಬರಿ ಬರೆದರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳಲ್ಲೇ ಇಡೀ ಕನ್ನಡ ಮೂಡುವ ವಿನ್ಯಾಸ ಅವರದು. ವ್ಯಂಜನದ ಜೊತೆ ಸ್ವರ ಹೇಗೆ ಕೂಡುತ್ತದೆಂಬ ನಮ್ಮ ವ್ಯಾಕರಣವನ್ನೇ ಅವರು ಯಂತ್ರಕ್ಕೆ ಹೇಳಿಕೊಟ್ಟರು. ಇಂದು ತಾಲೂಕು ಕಚೇರಿಯಲ್ಲಿ ನುಡಿ ತಂತ್ರಾಂಶ ಬಳಸಿ ಟೈಪು ಮಾಡುವವರ ಬೆರಳು ಓಡುವುದು ಅದೇ ದಾರಿಯಲ್ಲಿ.

ಹೆಸರುಗಳ ಮಾತು ಇನ್ನೂ ದೊಡ್ಡದು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು, ಅದೂ ಕನ್ನಡದಲ್ಲಿ. ನಮ್ಮ ಕಡೆ ಬಾಯಲ್ಲಿ ಹನಮಪ್ಪ, ಶಾಲೆಯ ದಾಖಲೆಯಲ್ಲಿ ಹನುಮಪ್ಪ, ಇನ್ನೊಂದು ಕಾಗದದಲ್ಲಿ ಹನುಮಂತಪ್ಪ. ಮನುಷ್ಯ ಒಬ್ಬನೇ. ಎರಡು ಪದಗಳ ನಡುವೆ ಎಷ್ಟು ಅಕ್ಷರ ತಿದ್ದಬೇಕು ಎಂದು ಎಣಿಸುವ ಅಳತೆಯೊಂದನ್ನು ರಷ್ಯದ ಲೆವೆನ್‌ಷ್ಟೈನ್ 1965ರಲ್ಲಿ ಕೊಟ್ಟ. ಅದರಂತೆ ಹನಮಪ್ಪನಿಂದ ಹನುಮಂತಪ್ಪನಿಗೆ ಮೂರು ಹೆಜ್ಜೆ: ಕೊಂಬು, ಸೊನ್ನೆ, ತಕಾರ. ಯಲ್ಲಪ್ಪನಿಂದ ಯಲ್ಲವ್ವನಿಗೆ ಎರಡೇ ಹೆಜ್ಜೆ! ಯಂತ್ರದ ಮಾತು ನಂಬಿದರೆ ಒಬ್ಬನೇ ರೈತ ಇಬ್ಬರಾಗಿ, ಯಲ್ಲಪ್ಪ ಯಲ್ಲವ್ವ ಒಂದಾಗಿಬಿಡುತ್ತಾರೆ. ಒಂದರಲ್ಲಿ ‘ಅಪ್ಪ’, ಇನ್ನೊಂದರಲ್ಲಿ ‘ಅವ್ವ’ ಬಂದಲ್ಲಿ ಕೂಡಿಸಬೇಡ ಎಂಬ ನಿಯಮ ಬರೆಯಲು ಗಣಿತಕ್ಕಿಂತ ಮೊದಲು ಈ ಸೀಮೆಯ ಮಾತು ಗೊತ್ತಿರಬೇಕು. ಹೆಸರು ಹೊಂದದೆ ಪರಿಹಾರದ ದುಡ್ಡು ತಡೆದು ನಿಂತರೆ ನಷ್ಟ ಯಾರಿಗೆ ಎಂಬುದನ್ನು ನರಗುಂದದ ಎರೆ ಹೊಲದವರಿಗೂ ಗಜೇಂದ್ರಗಡದ ಮಸಾರಿಯವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಗಡಿಗಳದ್ದೂ ಒಂದು ಕಥೆ. 1997ರವರೆಗೆ ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರು ಧಾರವಾಡ ಜಿಲ್ಲೆಯಲ್ಲಿದ್ದವು, ಆಮೇಲೆ ಗದಗ. 2011ರ ಜನಗಣತಿಯಲ್ಲಿ ಗಜೇಂದ್ರಗಡ ರೋಣ ತಾಲೂಕಿನೊಳಗಿತ್ತು, ಈಗ ಅದೇ ಒಂದು ತಾಲೂಕು. ಹಳೆಯ ರೋಣದ ಪಕ್ಕದಲ್ಲಿ ಹೊಸ ರೋಣದ ಅಂಕಿ ಇಟ್ಟರೆ ಸಾವಿರಾರು ಜನ ಊರು ಬಿಟ್ಟಂತೆ ಕಾಣುತ್ತದೆ. ಯಾರೂ ಎಲ್ಲಿಗೂ ಹೋಗಿಲ್ಲ, ಗೆರೆ ಸರಿದಿದೆ. ಪಾಠ ಹೇಳುವಾಗ ‘ಯಾವ ಸಂದರ್ಭದಲ್ಲಿ, ಯಾರು, ಯಾರಿಗೆ ಹೇಳಿದರು’ ಎಂದು ಕೇಳಿ ಕೇಳಿ ರೂಢಿಯಾದವರು ಅಂಕಿಗೂ ಅದೇ ಪ್ರಶ್ನೆ ಹಾಕುತ್ತಾರೆ.

ನನ್ನದೊಂದು ಆಸೆ ಇದೆ. ಈ ಮೂರೂ ಊರುಗಳ ಕಾಲೇಜುಗಳಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡ ಮಕ್ಕಳನ್ನು ವಾರಕ್ಕೊಂದು ತಾಸು ಗಣಕದ ಮುಂದೆ ಕೂಡಿಸಿ, ಅವರವರ ಊರಿನ ಹೆಸರುಗಳನ್ನೇ ಕೋಷ್ಟಕಕ್ಕೆ ಹಾಕಿಸಬೇಕು. ಪ್ರೋಗ್ರಾಮಿಂಗ್ ಓದುವ ಮಕ್ಕಳನ್ನೂ ಅದೇ ಕೋಣೆಗೆ ಕರೆಯಬೇಕು. ಕನ್ನಡದ ಮಾಸ್ತರರೂ ಕಂಪ್ಯೂಟರ್ ಮಾಸ್ತರರೂ ಮಾತಾಡಿಕೊಂಡರೆ ಬರುವ ಜೂನ್‌ನಿಂದಲೇ ಶುರು ಮಾಡಬಹುದು.